ಒದ್ದೆ ಬತ್ತಿಯ ಸಾಕ್ಷ್ಯ



ಕನ್ನಡದಲ್ಲಿ ‘ಹದ’ ಎಂಬುದೊಂದು ಮಾತಿದೆ. ಬೆಲ್ಲದ ಪಾಕಕ್ಕೆ ಹದ, ಬಿತ್ತುವ ನೆಲಕ್ಕೆ ಹದ, ಬೀಳುವ ಮಳೆಗೂ ಹದ. ಅದು ಬಲ್ಲವರ ಬೆರಳಿಗೂ ಕಣ್ಣಿಗೂ ತಿಳಿಯುವಂಥದು. ಅಂಕೆಗೆ ಸುಲಭವಾಗಿ ಸಿಕ್ಕದು. ಆದರೆ ಶಿಡ್ಲಘಟ್ಟದ ಕಡೆಯ ಹುಳುಮನೆಗಳಲ್ಲಿ ಹವೆಯ ಹದವನ್ನು ಅಂಕೆಗಿಳಿಸುವ ಪುಟ್ಟ ಉಪಕರಣವೊಂದನ್ನು ಗೋಡೆಗೆ ತೂಗುಹಾಕುವ ರೂಢಿಯುಂಟು.

ರೇಷ್ಮೆಹುಳು ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದ ಜೀವಿ. ಚಾಕಿ ಹುಳುವಿಗೆ 27–28 ಡಿಗ್ರಿ ಶಾಖ, ಶೇಕಡ 85ರಿಂದ 90ರಷ್ಟು ಆರ್ದ್ರತೆ ಬೇಕು. ನಾಲ್ಕನೆಯ ಜ್ವರ ಕಳೆದು ಹಗಲಿರುಳೂ ಸೊಪ್ಪು ಮುಕ್ಕುವ ಹುಳುವಿಗೆ 24–25 ಡಿಗ್ರಿ, ಶೇಕಡ 70ರ ಆಸುಪಾಸು. ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ, ಪೊರೆ ಕಳಚುವ ಮುನ್ನಿನ ನಿದ್ರೆ; ನಿಘಂಟುಕಾರರು ಇಂಥ ಅರ್ಥಗಳಿಗಾಗಿ ಸಂತೆಗೆ ಹೋಗಬೇಕು. ತಂಪು ತೇವ ಹೆಚ್ಚಿದರೆ ಸುಣ್ಣಕಟ್ಟು ರೋಗ. ಹವೆ ಒಣಗಿದರೆ ಸೊಪ್ಪು ಬಾಡಿ ಹುಳು ಮೇಯದು. ಎರಡರಲ್ಲೂ ಹೋಗುವುದು ಒಂದು ಸಂಸಾರದ ತಿಂಗಳ ದುಡಿಮೆ.

ಉಪಕರಣ ಸರಳವಾದುದು. ಒಂದು ಹಲಗೆ, ಎರಡು ಉಷ್ಣಮಾಪಕ. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ಹತ್ತಿಯ ಬತ್ತಿ ಸುತ್ತಿ ಅದರ ತುದಿಯನ್ನು ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ನೀರು ಆರುವಾಗ ಶಾಖವನ್ನು ಹೀರುತ್ತದೆ. ಬೆವೆತ ಮೈಗೆ ಗಾಳಿ ತಾಗಿದಾಗ ತಂಪೆನಿಸುವುದೂ ಇದೇ ಕಾರಣದಿಂದ. ಹವೆ ಒಣಗಿದಷ್ಟೂ ಒದ್ದೆ ಬುಡ ತಣ್ಣಗಾಗುತ್ತದೆ. ಒಣಬುಡ 28, ಒದ್ದೆಬುಡ 25 ಎಂದಿದ್ದರೆ ಆರ್ದ್ರತೆ ಸುಮಾರು ಶೇಕಡ 78. ಒದ್ದೆಬುಡ 20ಕ್ಕೆ ಇಳಿದರೆ ಶೇಕಡ 50ಕ್ಕೂ ಕಡಿಮೆ. ಆಗ ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು.

ಇನ್ನು ಇದರ ಕಪಟ. ಬತ್ತಿ ಒಣಗಿತೆನ್ನಿ. ಆಗ ಎರಡು ಮಾಪಕಗಳೂ ಒಂದೇ ಅಂಕೆಯನ್ನು ತೋರುತ್ತವೆ. ಪಟ್ಟಿಯಲ್ಲಿ ಅದರ ಅರ್ಥ ಆರ್ದ್ರತೆ ಶೇಕಡ 100! ಮಾರ್ಚಿ ತಿಂಗಳ ಬಿರುಬಿಸಿಲಿನಲ್ಲಿ, ಹವೆ ತೀರ ಒಣಗಿದ ದಿನವೇ, ಅದು ಜಡಿಮಳೆಯ ಸಾಕ್ಷ್ಯ ಹೇಳುತ್ತದೆ. ನಂಬಿದವನು ಗೋಣಿ ಬಿಚ್ಚಿ ಕಿಟಕಿ ತೆರೆದಾನು.

ಬತ್ತಿ ಒದ್ದೆಯಾಗಿದ್ದರೂ ಸಾಲದು. ನಂದಿಬೆಟ್ಟದ ಸುತ್ತಿನಲ್ಲಿ ಎರಡು ಪಿನಾಕಿನಿಗಳು, ಚಿತ್ರಾವತಿ, ಅರ್ಕಾವತಿ, ಪಾಲಾರ್ ಹುಟ್ಟುತ್ತವೆ. ಆದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿಯ ಗಡಸು ನೀರನ್ನೇ ಎರೆಯುತ್ತ ಬಂದರೆ ಬತ್ತಿಯ ಮೇಲೆ ಉಪ್ಪು ಕಟ್ಟುತ್ತದೆ, ನೀರು ಸರಿಯಾಗಿ ಆರದು, ಇಲ್ಲದ ತೇವ ಅಂಕೆಯಲ್ಲಿ ಕಾಣುತ್ತದೆ. ಭಟ್ಟಿ ಇಳಿಸಿದ ನೀರು ಇಲ್ಲವೆ ಹಿಡಿದಿಟ್ಟ ಮಳೆನೀರು ಬೇಕು. ಹವೆಯ ತೇವವನ್ನು ಅಳೆಯಲು ಆಕಾಶದ ನೀರನ್ನೇ ಬಯಸುವ ಈ ಹಲಗೆಯ ಮಡಿವಂತಿಕೆ ನನಗೆ ಮೆಚ್ಚು.

ಈಗ ಬತ್ತಿಯಿಲ್ಲದ ವಿದ್ಯುನ್ಮಾನ ಮಾಪಕಗಳೂ ಬಂದಿವೆ. ತೆಳುವಾದ ಪೊರೆಯೊಂದು ತೇವ ಹೀರಿ ತನ್ನ ವಿದ್ಯುತ್ ಗುಣವನ್ನು ಬದಲಿಸಿಕೊಳ್ಳುತ್ತದೆ. 1783ರಲ್ಲಿ ಸೋಸೂರ್ ಎಂಬ ವಿಜ್ಞಾನಿ ಇದೇ ಕೆಲಸಕ್ಕೆ ಮನುಷ್ಯನ ತಲೆಗೂದಲನ್ನು ಹಚ್ಚಿದ್ದ. ತೇವದಲ್ಲಿ ಕೂದಲು ಉದ್ದವಾಗುತ್ತದೆ.

ಹುಳುಮನೆಯ ಸುಳ್ಳಂಕೆಯನ್ನು ಒಡತಿ ಬತ್ತಿ ಮುಟ್ಟಿ ಹಿಡಿದಾಳು. ಬಯಲಿನ ಮಳೆಮಾಪಕದ ಮಾತು ಬೇರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನೇ ವರದಿ ಕಳುಹಿಸುವ ಮಾಪಕಗಳನ್ನು ನಿಲ್ಲಿಸಿದೆ. ಇಂಥ ಮಾಪಕಗಳಲ್ಲಿ ಪುಟ್ಟ ಬಟ್ಟಲೊಂದು ತುಂಬಿ ಮಗುಚುತ್ತದೆ. ಮಗುಚಿದ ಲೆಕ್ಕವೇ ಮಳೆಯ ಲೆಕ್ಕ. ಬಾಯಿಗೆ ತರಗೆಲೆ ಸಿಕ್ಕಿಕೊಂಡರೆ ಸುರಿವ ಮಳೆಯೂ ಸೊನ್ನೆ. ಮೇ ತಿಂಗಳ ಗುಡುಗುಮಳೆಯಂತೂ ಚಿಂತಾಮಣಿಯ ಒಂದು ಹೊಲವನ್ನು ತೋಯಿಸಿ ಪಕ್ಕದ್ದನ್ನು ಬಿಟ್ಟೀತು. ಗೌರಿಬಿದನೂರಿನಲ್ಲಿ ಅದೇ ಸಂಜೆ ಧೂಳೆದ್ದೀತು. ಆದರೆ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಾಪಕದ ಅಂಕೆಯಿಂದ, ಹೊಲದ ಮಣ್ಣನ್ನು ಮುಟ್ಟಿ ನೋಡಿ ಅಲ್ಲ.

ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡರಷ್ಟು ದೂರವಾದರೂ ಮಾಪಕದಿಂದ ಆಚೆಗಿರಬೇಕೆಂಬುದು ನಿಯಮ. ನಿಲ್ಲಿಸಿದ ದಿನ ಸಸಿಯಾಗಿದ್ದ ಹೊಂಗೆ ಹತ್ತು ವರ್ಷಕ್ಕೆ ಮರವಾಗುತ್ತದೆ. ತಮ್ಮ ಊರಿನ ಮಾಪಕ ಎಲ್ಲಿದೆ, ಅದರ ಮೇಲೆ ಯಾವ ಕೊಂಬೆ ಬಾಗಿದೆ ಎಂಬುದನ್ನು ಮುಂಗಾರಿಗೆ ಮೊದಲು ಒಮ್ಮೆ ನೋಡಿ ಬರುವುದು ಒಳ್ಳೆಯದು.