ಹಂದಿಗಳ ಬೆಳವಣಿಗೆ: ಸಮತೋಲಿತ ಆಹಾರ ಮತ್ತು ಪೂರಕಗಳ ಪಾತ್ರ

(ಹಂದಿ ಸಾಕಣೆದಾರರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳ ನಡುವೆ ಹಂದಿ ಸಾಕುವ ಕುಟುಂಬಗಳಿಗೆ ಆಹಾರವೇ ಅತಿದೊಡ್ಡ ಖರ್ಚು. ಮರಿಗಳು ಬೇಗ ಬೆಳೆಯಲೆಂದು ಪುಡಿ, ಟಾನಿಕ್‌ಗಳಿಗೆ ಹಣ ವ್ಯಯಿಸುವವರೂ ಉಂಟು. ಆದರೆ ಮೂಲ ಆಹಾರದಲ್ಲಿಯೇ ಕೊರತೆಯಿದ್ದಲ್ಲಿ ಯಾವ ಪುಡಿಯೂ ಅದನ್ನು ತುಂಬಲಾರದು. ಪೂರಕವು ಆಹಾರಕ್ಕೆ ನೆರವೇ ಹೊರತು ಬದಲಿಯಲ್ಲ.

ಹಂದಿಯು ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಹುಲ್ಲು, ಸಿಪ್ಪೆಗಳಿಂದ ಅದಕ್ಕೆ ದೊರೆಯುವ ಪೋಷಣೆ ಅಲ್ಪ. ಮೆಕ್ಕೆಜೋಳ ಮತ್ತು ತೌಡು ಶಕ್ತಿ ನೀಡುತ್ತವೆ. ಮಾಂಸಖಂಡ ಬೆಳೆಯಲು ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಮೆಕ್ಕೆಜೋಳದಲ್ಲಿ ಕಡಿಮೆ. ಸೋಯಾ ಹಿಂಡಿ ಮತ್ತು ಮೀನಿನ ಪುಡಿ ಆ ಕೊರತೆಯನ್ನು ನೀಗಿಸುತ್ತವೆ. ಬೆಳೆಯುವ ಹಂದಿಗಳಿಗೆ 100 ಕೆ.ಜಿ. ಮಿಶ್ರಣದಲ್ಲಿ ಮೆಕ್ಕೆಜೋಳ 50, ತೌಡು 24, ಸೋಯಾ ಹಿಂಡಿ 18, ಮೀನಿನ ಪುಡಿ 6, ಖನಿಜ ಮಿಶ್ರಣ 1.5 ಮತ್ತು ಉಪ್ಪು 0.5 ಕೆ.ಜಿ. ಇದ್ದಲ್ಲಿ ಸುಮಾರು ಶೇ. 18ರಷ್ಟು ಪ್ರೋಟೀನ್ ದೊರೆಯುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನನ್ನು ಬಳಸುವವರು ಪ್ರತ್ಯೇಕ ಉಪ್ಪನ್ನು ಸೇರಿಸಬಾರದು. ಕುಡಿಯುವ ನೀರು ಸದಾ ಇರಬೇಕು.

ತೋಟದಲ್ಲಿ ಹೇರಳವಾಗಿ ಸಿಗುವ ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಕೆಫೀನ್ ಮತ್ತು ಟ್ಯಾನಿನ್ ಅಂಶಗಳಿವೆ. ಹೆಚ್ಚು ಬೆರೆಸಿದಲ್ಲಿ ಹಂದಿ ಮೇವು ತಿನ್ನುವುದೂ, ಬೆಳೆಯುವುದೂ ಕುಗ್ಗುತ್ತದೆ.

ಪೂರಕಗಳಲ್ಲಿ ಖನಿಜ ಮಿಶ್ರಣಕ್ಕೆ ಮೊದಲ ಸ್ಥಾನ. ಧಾನ್ಯ ಮತ್ತು ತೌಡಿನಲ್ಲಿರುವ ರಂಜಕದ ಬಹುಪಾಲು ಹಂದಿಗೆ ಜೀರ್ಣವಾಗದ ರೂಪದಲ್ಲಿರುತ್ತದೆ. ಫೈಟೇಸ್ ಎಂಬ ಕಿಣ್ವ ಅದನ್ನು ಬಿಡಿಸಿಕೊಡುತ್ತದೆ. ಸತುವಿನ ಕೊರತೆಯಿಂದ ಚರ್ಮ ಒರಟಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ತಾಯಿ ಹಂದಿಯ ಹಾಲಿನಲ್ಲಿ ಕಬ್ಬಿಣಾಂಶ ಕಡಿಮೆಯಿರುವುದರಿಂದ, ಮರಿಗಳಿಗೆ ಹುಟ್ಟಿದ ಮೊದಲ ವಾರದೊಳಗೆ ಪಶುವೈದ್ಯರಿಂದ ಕಬ್ಬಿಣದ ಚುಚ್ಚುಮದ್ದು ಹಾಕಿಸುವುದು ಅಗತ್ಯ.

ಪ್ರತಿಜೀವಕ ಔಷಧಗಳನ್ನು ಬೆಳವಣಿಗೆಗೆಂದು ಮೇವಿನಲ್ಲಿ ಬೆರೆಸಬಾರದು. ಇದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆದು ಮನುಷ್ಯರಿಗೂ ಅಪಾಯವಾಗುತ್ತದೆ. ಐರೋಪ್ಯ ಒಕ್ಕೂಟವು 2006ರಲ್ಲಿಯೇ ಈ ಬಳಕೆಯನ್ನು ನಿಷೇಧಿಸಿತು. ಭಾರತವು 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ನಮ್ಮ ಮಳೆಗಾಲದಲ್ಲಿ ದಾಸ್ತಾನಿನ ಮೆಕ್ಕೆಜೋಳ ಮತ್ತು ಹಿಂಡಿಗೆ ಬೂಷ್ಟು ಹಿಡಿಯುವುದು ಸುಲಭ. ಅದರಿಂದ ಉಂಟಾಗುವ ಅಫ್ಲಾಟಾಕ್ಸಿನ್ ವಿಷವು ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ನಾಶವಾಗದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಬೇಕು. ಬೂಷ್ಟು ಹಿಡಿದುದನ್ನು ಬಿಸಾಡಬೇಕು.

ಹೋಟೆಲ್ ಮತ್ತು ಹೋಂಸ್ಟೇಗಳ ಮುಸುರೆಯನ್ನು ಹಾಗೆಯೇ ಕೊಡುವುದು ಇನ್ನೂ ದೊಡ್ಡ ಅಪಾಯ. 2020ರಲ್ಲಿ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರವು 2022ರಲ್ಲಿ ನೆರೆಯ ವಯನಾಡಿನಲ್ಲಿಯೂ ಕಾಣಿಸಿತು. ಈ ರೋಗ ಮನುಷ್ಯರಿಗೆ ಹರಡದು. ಆದರೆ ಹಂದಿಗಳಿಗೆ ಚಿಕಿತ್ಸೆಯಿಲ್ಲ. ಮುಸುರೆಯಲ್ಲಿನ ಹಂದಿಮಾಂಸದ ತುಣುಕಿನಿಂದ ಇಡೀ ಗೂಡೇ ಬರಿದಾಗಬಹುದು. ಮುಸುರೆಯನ್ನು ಬಳಸಲೇಬೇಕಾದಲ್ಲಿ ಮಾಂಸವಿರುವುದನ್ನು ದೂರವಿಟ್ಟು, ಉಳಿದುದನ್ನು ಕಲಕುತ್ತ ಕನಿಷ್ಠ 30 ನಿಮಿಷ ಕುದಿಸಬೇಕು.

ಯಾವುದೇ ಹೊಸ ಪೂರಕವನ್ನು ಕೊಳ್ಳುವ ಮುನ್ನ ಮರಿಗಳ ತೂಕವನ್ನೂ, ಅವು ತಿಂದ ಮೇವಿನ ಪ್ರಮಾಣವನ್ನೂ ಪ್ರತಿ ವಾರ ಬರೆದಿಡಿ. ಕೊಟ್ಟ ಹಣಕ್ಕೆ ತೂಕ ಹೆಚ್ಚಿತೇ ಎಂಬುದನ್ನು ಆ ಲೆಕ್ಕವೇ ತಿಳಿಸುತ್ತದೆ. ಹೆಚ್ಚಿನ ಸಲಹೆಗೆ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.