ನಾಯಿ ಮಾರ್ಕಿನ ಕಂಪನಿ, ನಾಯಿಗೆ ತಡವಾಗಿ ಬಂದ ಯಂತ್ರ



ಎಲ್ಲಿ ನೋವು ಅಂತ ಡಾಕ್ಟರು ಕೇಳಿದರೆ ನಾವು ಒಂದಕ್ಕೆ ನಾಲ್ಕು ಸೇರಿಸಿ ಹೇಳುತ್ತೇವೆ. ನಾಯಿಯನ್ನು ಕೇಳಿ ನೋಡಿ, ಬಾಲ ಅಲ್ಲಾಡಿಸುತ್ತದೆ. ಬೆಕ್ಕಾದರೆ ಮಂಚದಡಿ ಸೇರಿಬಿಡುತ್ತದೆ. ಮೈಯೊಳಗನ್ನು ತೋರಿಸುವ ಯಂತ್ರ ನಮಗಿಂತ ಅವಕ್ಕೇ ಹೆಚ್ಚು ಬೇಕಿತ್ತು ಅನ್ನುವುದು ನನ್ನ ಹಳೆಯ ವಾದ. ಬಂದದ್ದು ಮಾತ್ರ ತಡವಾಗಿ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್ ಕಿರಣ ಕಂಡುಹಿಡಿದರು. ಮರುವರ್ಷವೇ ಬರ್ಲಿನ್ನಿನ ಎಬರ್ಲೈನ್, ಲಂಡನ್ನಿನ ಹಾಬ್ಡೇ ಮುಂತಾದ ಪಶುವೈದ್ಯರು ಪ್ರಾಣಿಗಳ ಮೇಲೆ ಅದನ್ನು ಪ್ರಯೋಗಿಸಿದರು. ಅವರ ಕಣ್ಣು ಬಿದ್ದದ್ದು ಕುದುರೆಯ ಕಾಲಿನ ಮೇಲೆ. ಗಾಡಿಗೂ ದಂಡಿಗೂ ಬೇಕಾದ ಪ್ರಾಣಿ, ಕುಂಟಿದರೆ ಮಾಲೀಕನ ಗಂಟು ಹೋಯಿತು. ನಾಯಿ ಕುಂಟಿದರೆ ಯಾರ ಗಂಟೂ ಹೋಗುತ್ತಿರಲಿಲ್ಲವಲ್ಲ!

ನಾಯಿಯ ಸರದಿ ಬಂತು ಅನ್ನಬಹುದಾದದ್ದು 1935ರಲ್ಲಿ. ಬಾಸ್ಟನ್ನಿನ ಷ್ನೆಲ್ ಎಂಬ ಪಶುವೈದ್ಯ, ಎಕ್ಸ್‌ರೇಯಲ್ಲಿ ಕಂಡ ನಾಯಿಗಳ ಸೊಂಟದ ಕೀಲಿನ ದೋಷವೊಂದನ್ನು ವಿವರಿಸಿ ಬರೆದರು. ತೊಡೆಮೂಳೆಯ ತಲೆ ಒರಳಲ್ಲಿ ಗುಂಡು ಕೂತ ಹಾಗೆ ಕೂರಬೇಕು, ಈ ನಾಯಿಗಳಲ್ಲಿ ಒರಳೇ ಆಳವಿಲ್ಲ. ಲ್ಯಾಬ್ರಡಾರ್ ಸಾಕಿದವರಿಗೆ ಈ ಸಂಕಟ ಗೊತ್ತು. ಅಮೆರಿಕದ ಉದ್ಯಮಿ ಜಾನ್ ಓಲಿನ್ ಅವರಿಗೂ ಗೊತ್ತಿತ್ತು. ಅವರ ಲ್ಯಾಬ್ರಡಾರ್ ಕಿಂಗ್ ಬಕ್ 1952, 1953ರಲ್ಲಿ ಸಾಲಾಗಿ ರಾಷ್ಟ್ರೀಯ ಚಾಂಪಿಯನ್ ಆದ ನಾಯಿ. ಸೊಂಟದ ಎಕ್ಸ್‌ರೇ ನೋಡಿ, ತಳಿ ಬೆಳೆಸಲು ಯಾವ ನಾಯಿ ತಕ್ಕದ್ದು ಎಂದು ತಿಳಿಸುವ ಸಂಸ್ಥೆಯನ್ನು ಓಲಿನ್ 1966ರಲ್ಲಿ ಕಟ್ಟಿಸಿದರು. ಮರಿ ಕೊಳ್ಳುವಾಗ ತಂದೆತಾಯಿಯ ಸೊಂಟದ ಎಕ್ಸ್‌ರೇ ತೋರಿಸಿ ಅಂತ ಕೇಳಿ. ಮಾರುವವನು ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಇನ್ನು ನನಗೆ ಅತಿ ಇಷ್ಟದ ಮನುಷ್ಯ, ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ರೈತರ ಮಗ. ಹುಡುಗನಾಗಿದ್ದಾಗ ಹುಲ್ಲುಬಣವೆಯ ಮೇಲಿಂದ ರೆಕ್ಕೆ ಕಟ್ಟಿಕೊಂಡು ಹಾರಿದವರು! ಮುಂದೆ ಕೆಲಸಕ್ಕೆ ಸೇರಿದ್ದು ಇಎಂಐ ಕಂಪನಿಗೆ. ಅದೇ ಸ್ವಾಮಿ, ನಮ್ಮ ಅಜ್ಜಂದಿರ ಎಚ್‌ಎಂವಿ ರೆಕಾರ್ಡಿನ ಮೂಲ ಕಂಪನಿ, ಗ್ರಾಮಫೋನ್ ಕಹಳೆಗೆ ಕಿವಿಗೊಟ್ಟು ನಾಯಿ ಕೂತಿರುತ್ತಿತ್ತಲ್ಲ, ಅದು. ಅಲ್ಲಿ ಅವರು, ಒಂದೇ ಕಡೆಯಿಂದ ಯಾಕೆ, ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಕಂಪ್ಯೂಟರಿನಿಂದ ಒಳಗಿನ ಚಿತ್ರ ಕೂಡಿಸೋಣ ಎಂದು ಹೊರಟರು. ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಬೇಕಾದ ಅಳತೆಗಳಿಗೇ ಒಂಬತ್ತು ದಿನ ಹಿಡಿಯಿತು. ಪರೀಕ್ಷೆಗೆ ಮಿದುಳು ಬೇಕಲ್ಲ? ಹೋರಿಯ ಮಿದುಳನ್ನು ಹಿಡಿದುಕೊಂಡು ಅವರು ಬಸ್ಸು, ರೈಲು ಅಂತ ಲಂಡನ್ನಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರಂತೆ. ಪಕ್ಕದ ಸೀಟಿನವರಿಗೆ ಆ ಪೊಟ್ಟಣದಲ್ಲಿ ಏನಿದೆ ಅಂತ ಗೊತ್ತಾಗಿದ್ದರೆ! 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು, 1979ರಲ್ಲಿ ನೊಬೆಲ್ ಬಂತು. ಅದೇ ಸಿಟಿ ಸ್ಕ್ಯಾನ್. ಪರೀಕ್ಷೆಗೆ ಮಿದುಳು ಕೊಟ್ಟದ್ದು ಹೋರಿ, ಕಂಪನಿಯ ಮುದ್ರೆಯಾಗಿ ಕೂತದ್ದು ನಾಯಿ. ಆದರೂ ಆ ಯಂತ್ರದಲ್ಲಿ ನಾಯಿಗಳನ್ನೇ ರೋಗಿಯಾಗಿ ಮಲಗಿಸುವುದು ರೂಢಿಗೆ ಬರುವಷ್ಟರಲ್ಲಿ 1980ರ ದಶಕ ಕಾಲಿಟ್ಟಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಎಂಆರ್‌ಐ ಕಥೆಯೂ ಹೆಚ್ಚುಕಡಿಮೆ ಹೀಗೇ. ಅದಕ್ಕೆ ದಾರಿ ತೋರಿಸಿದ ವಿಜ್ಞಾನಿ ಲಾಟರ್ಬರ್ ಅದರಲ್ಲಿ ಮೊದಲು ನೋಡಿದ ಜೀವಿ ಒಂದು ಪುಟ್ಟ ಕಪ್ಪೆಚಿಪ್ಪು. ಆಮೇಲಿನ ಸುಧಾರಣೆಗಳ ಪಟ್ಟಿ ಓದಿ ನಿಮಗೆ ಆಕಳಿಕೆ ತರಿಸುವುದಿಲ್ಲ. ನಮ್ಮ ದೇಶದ ಒಂದು ಸಂಗತಿ ಹೇಳುತ್ತೇನೆ. ರತನ್ ಟಾಟಾ ತಮ್ಮ ನಾಯಿಯ ಕೀಲಿನ ಚಿಕಿತ್ಸೆಗೆ ಅಮೆರಿಕದ ಮಿನ್ನೆಸೋಟದವರೆಗೆ ಹೋಗಬೇಕಾಯಿತು. ಅವರ ಆಸೆಯಂತೆ 2024ರಲ್ಲಿ ಮುಂಬೈಯ ಮಹಾಲಕ್ಷ್ಮಿಯಲ್ಲಿ ಸಾಕುಪ್ರಾಣಿಗಳ ದೊಡ್ಡ ಆಸ್ಪತ್ರೆ ತೆರೆಯಿತು, ಸಿಟಿ, ಎಂಆರ್‌ಐ ಎಲ್ಲ ಅಲ್ಲೇ.

ಆದರೆ ನಾಯಿಗೆ ಉಸಿರು ಹಿಡಿ, ಅಲ್ಲಾಡಬೇಡ ಎಂದರೆ ಕೇಳುತ್ತದೆಯೇ? ಅದಕ್ಕೇ ಈ ದೊಡ್ಡ ಸ್ಕ್ಯಾನ್‌ಗಳಿಗೆ ಸಾಮಾನ್ಯವಾಗಿ ಅರಿವಳಿಕೆ ಕೊಡುತ್ತಾರೆ. ಹೊಟ್ಟೆಯ ಅಲ್ಟ್ರಾಸೌಂಡಿಗೆ ಅಷ್ಟು ತಾಪತ್ರಯವಿಲ್ಲ, ಕೂದಲು ಬೋಳಿಸಿ ಜೆಲ್ ಹಚ್ಚಿದರೆ ಆಯಿತು. ಬಸುರಿ ನಾಯಿಯ ಹೊಟ್ಟೆಯಲ್ಲಿ ಮರಿಗಳ ಎದೆಬಡಿತ ಸುಮಾರು ನಾಲ್ಕನೇ ವಾರಕ್ಕೇ ಅದರಲ್ಲಿ ಕಾಣುತ್ತದೆ. ಲೆಕ್ಕ ಮಾತ್ರ ತಪ್ಪುತ್ತದೆ, ಒಂದೇ ಮರಿ ಎರಡು ಸಲ ಕಂಡೀತು. ಎಣಿಸಲು ಎಕ್ಸ್‌ರೇಯೇ ಸರಿ, ಅದೂ 55 ದಿನ ಕಳೆದ ಮೇಲೆ. ಮರಿಗಳ ಮೂಳೆ ಗಟ್ಟಿಯಾಗುವುದು ಸುಮಾರು 45ನೇ ದಿನದಿಂದ, ಅದಕ್ಕೂ ಮುಂಚೆ ತೆಗೆದರೆ ಬರೀ ಮಸುಕು. ಡಾಕ್ಟರು ಎಣಿಸುವುದು ತಲೆಬುರುಡೆ, ಬೆನ್ನೆಲುಬುಗಳನ್ನು. ಕಾಲುಗಳನ್ನು ಎಣಿಸಲು ಹೋದರೆ ಕೆಟ್ಟಿರಿ. ಫಿಲ್ಮು ಬೆಳಕಿಗೆ ಹಿಡಿದದ್ದೇ ತಡ, ಮನೆಮಂದಿಯೆಲ್ಲ ಮುಗಿಬೀಳುತ್ತಾರೆ. ಒಬ್ಬರು ಐದು ಅಂದರೆ ಇನ್ನೊಬ್ಬರು ಅಲ್ಲ, ಆರು ಅಂತಾರೆ. ಬಸುರಿಯಮ್ಮನಿಗೆ ಮಾತ್ರ ಅದಾವುದೂ ಬೇಡ, ಅವಳ ಕಣ್ಣೆಲ್ಲ ಬಾಗಿಲ ಮೇಲೆ.