ರೋಗ ಓಡಿಸುವ ರಥಗಳು

ನಮಗೆ ಮಳೆಗಾಲವಾದ ಜುಲೈ ಜಪಾನೀಯರಿಗೆ ಬೇಸಿಗೆ, ಹಬ್ಬಗಳ ಕಾಲ. ಅವುಗಳಲ್ಲಿ ಕ್ಯೋಟೋ ನಗರದ ಗಿಯೋನ್ ಹಬ್ಬ ಹುಟ್ಟಿದ್ದು ಸಾಂಕ್ರಾಮಿಕದ ಭಯದಿಂದ. ಕ್ರಿ.ಶ. 869ರಲ್ಲಿ ರೋಗ ಹರಡಿದಾಗ ಪ್ರಾಂತ್ಯಕ್ಕೊಂದರಂತೆ 66 ಈಟಿಗಳನ್ನು ನಿಲ್ಲಿಸಿ ದೇವರಿಗೆ ಮೊರೆಯಿಟ್ಟರು. ಕಾಲಕ್ರಮದಲ್ಲಿ ಈಟಿಗಳ ಜಾಗಕ್ಕೆ ರಥಗಳು ಬಂದವು.

ಜುಲೈ 17ರಂದು ಬೀದಿಗಿಳಿಯುವ ದೊಡ್ಡ ರಥದ ತೂಕ ಸುಮಾರು 12 ಟನ್. ಚೌಕಟ್ಟಿಗೆ ಮೊಳೆಯಿಲ್ಲ, ಭತ್ತದ ಹುಲ್ಲಿನ ಹಗ್ಗದ ಬಿಗಿತವೇ ಆಧಾರ. ಚಕ್ರಗಳು ನೇರಕ್ಕಷ್ಟೇ ಉರುಳುತ್ತವೆ. ತಿರುವು ಬಂದರೆ ಬಿದಿರಿನ ಸೀಳು ಹಾಸಿ, ನೀರು ಸುರಿದು, ರಥವನ್ನು ಅಡ್ಡಕ್ಕೆಳೆದು ಜಾರಿಸಬೇಕು. ನೋಡುವವರಿಗೆ ಅದೇ ಹಬ್ಬ!

ವಿಪರ್ಯಾಸವೆಂದರೆ, ರೋಗ ಓಡಿಸುವ ಈ ಮೆರವಣಿಗೆಯನ್ನು 2020 ಮತ್ತು 2021ರಲ್ಲಿ ಕೊರೊನಾ ರೋಗವೇ ನಿಲ್ಲಿಸಿತು. ಆದರೂ ಹಗ್ಗ ಬಿಗಿಯುವ ವಿದ್ಯೆ ಕೈತಪ್ಪಬಾರದೆಂದು 2021ರಲ್ಲಿ ಕೆಲವು ರಥಗಳನ್ನು ಕಟ್ಟಿದರು, ಮೆರವಣಿಗೆಯಿಲ್ಲದೆ ಬಿಚ್ಚಿಟ್ಟರು. 2022ರ ಜುಲೈನಲ್ಲಿ ಮತ್ತೆ ಚಕ್ರಗಳು ಉರುಳಿದವು.